ಹದಿನಾಲ್ಕು ಕಿಲೋಮೀಟರಿನ ಬೆಲೆ: ದಾವಣಗೆರೆ–ಹರಿಹರದ ಪ್ರಯಾಣಿಕರು ಮತ್ತು ಏರುವ ದರ



ದತ್ತಿ ಉಪನ್ಯಾಸ ಎಂದರೆ ಸಾಹಿತ್ಯವನ್ನೋ ಶರಣರ ವಿಚಾರವನ್ನೋ ಆಯ್ದುಕೊಳ್ಳುವುದು ನಮ್ಮಲ್ಲಿ ರೂಢಿ. ನಾನು ಬಸ್ ಚಾರ್ಜಿನ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಸಂತೋಷದಿಂದ ಒಪ್ಪಿದರು. ಅವರಿಗೆ ಮೊದಲು ನನ್ನ ಕೃತಜ್ಞತೆ. ಸಾಮಾನ್ಯ ಮನುಷ್ಯ ದಿನ ಬೆಳಗಾದರೆ ಸರ್ಕಾರದ ಜೊತೆ ನೇರವಾಗಿ ವ್ಯವಹರಿಸುವ ಜಾಗಗಳು ಬಹಳವೇನೂ ಇಲ್ಲ. ನ್ಯಾಯಬೆಲೆ ಅಂಗಡಿಗೆ ತಿಂಗಳಿಗೊಮ್ಮೆ ಹೋಗುತ್ತಾನೆ, ತಾಲ್ಲೂಕು ಕಚೇರಿಗೆ ವರ್ಷಕ್ಕೊಮ್ಮೆ. ಬಸ್ಸಿನಲ್ಲಿ ದಿನಕ್ಕೆರಡು ಸಲ ಟಿಕೆಟ್ ತೆಗೆದುಕೊಳ್ಳುತ್ತಾನೆ. ಆ ಟಿಕೆಟ್ಟಿನ ಮೇಲೆ ಅಚ್ಚಾಗುವ ಅಂಕಿ ಹೇಗೆ ನಿರ್ಧಾರವಾಗುತ್ತದೆ, ಯಾರ ಜೇಬಿಗೆ ಎಷ್ಟು ತಟ್ಟುತ್ತದೆ ಎಂಬುದು ವಿದ್ವತ್ ಸಭೆಯಲ್ಲಿ ಚರ್ಚೆಯಾಗಲೇಬೇಕಾದ ವಿಷಯ.

ನಾನು ಹೇಳಬೇಕೆಂದಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ದರ ಏರಿಕೆಯನ್ನು ಯಾವಾಗಲೂ ಶೇಕಡಾ ಲೆಕ್ಕದಲ್ಲಿ ಪ್ರಕಟಿಸುತ್ತಾರೆ. ಹಾಗೆ ಹೇಳಿದಾಗ ಅದು ಎಲ್ಲರ ಮೇಲೂ ಸಮನಾಗಿ ಬಿದ್ದಂತೆ ಕೇಳಿಸುತ್ತದೆ. ಆದರೆ ಬೀಳುವುದು ಸಮನಾಗಿ ಅಲ್ಲ. ಅದರಲ್ಲೂ ದಾವಣಗೆರೆ–ಹರಿಹರದಂಥ ಜೋಡಿ ಊರಿನಲ್ಲಿ, ಸರ್ಕಾರಿ ಬಸ್ಸೂ ಖಾಸಗಿ ಬಸ್ಸೂ ಒಂದೇ ರಸ್ತೆಯಲ್ಲಿ ಓಡುವಲ್ಲಿ, ಯಾವ ರಿಯಾಯಿತಿಯ ನೆರಳಿಗೂ ಬಾರದವರ ಮೇಲೆ ಅದರ ಪೂರ್ತಿ ಭಾರ ಬೀಳುತ್ತದೆ.

2025ರ ಜನವರಿ 2ರಂದು ರಾಜ್ಯ ಸಚಿವ ಸಂಪುಟ ನಾಲ್ಕೂ ಸಾರಿಗೆ ನಿಗಮಗಳ ಪ್ರಯಾಣ ದರವನ್ನು ಶೇ 15ರಷ್ಟು ಏರಿಸಲು ಒಪ್ಪಿಗೆ ಕೊಟ್ಟಿತು. ಜನವರಿ 5ರಿಂದ ಹೊಸ ದರ ಜಾರಿಗೆ ಬಂತು. ನಮ್ಮೂರನ್ನು ಹಾದುಹೋಗುವ ಬೆಂಗಳೂರು–ಹುಬ್ಬಳ್ಳಿ ಬಸ್ಸಿನ ಟಿಕೆಟ್ 501 ರೂಪಾಯಿಯಿಂದ 576ಕ್ಕೆ ಹೋಯಿತು. ಅದಕ್ಕೂ ಹಿಂದೆ, 2020ರ ಫೆಬ್ರವರಿ ಕೊನೆಯಲ್ಲಿ, ಕೆಎಸ್ಆರ್‌ಟಿಸಿ ದರ ಶೇ 12ರಷ್ಟು ಏರಿತ್ತು. ಎರಡನ್ನೂ ಕೂಡಿಸಿದರೆ 27 ಎಂದುಕೊಳ್ಳಬೇಡಿ. ನೂರು ರೂಪಾಯಿ ಮೊದಲು 112 ಆಯಿತು, ಆ 112ರ ಮೇಲೆ ಮತ್ತೆ ಶೇ 15 ಬಿದ್ದು 128 ರೂಪಾಯಿ 80 ಪೈಸೆ ಆಯಿತು. ಐದು ವರ್ಷಗಳ ಒಳಗೆ ಇಷ್ಟು.

ಸರ್ಕಾರ ಕೊಟ್ಟ ಕಾರಣವನ್ನೂ ನ್ಯಾಯವಾಗಿ ಹೇಳಬೇಕು. ಹತ್ತು ವರ್ಷದ ಹಿಂದೆ ನಾಲ್ಕು ನಿಗಮಗಳ ದಿನದ ಡೀಸೆಲ್ ಖರ್ಚು 9.16 ಕೋಟಿ ರೂಪಾಯಿ ಇತ್ತು, ಈಗ 13.21 ಕೋಟಿ, ಸಿಬ್ಬಂದಿ ವೆಚ್ಚ ದಿನಕ್ಕೆ 12.95 ಕೋಟಿ ಇದ್ದದ್ದು 18.36 ಕೋಟಿ ಆಗಿದೆ ಎಂದು ಸಂಪುಟದ ನಿರ್ಧಾರ ಪ್ರಕಟಿಸುವಾಗ ವಿವರಿಸಿದರು. ಈ ಅಂಕಿಗಳನ್ನು ನಾನು ಅಲ್ಲಗಳೆಯುವುದಿಲ್ಲ. ಚಾಲಕರಿಗೂ ನಿರ್ವಾಹಕರಿಗೂ ಬದುಕುವಷ್ಟು ಸಂಬಳ ಸಿಗಬೇಕು. ವೇತನ ಪರಿಷ್ಕರಣೆಗಾಗಿ, 38 ತಿಂಗಳ ಹಿಂಬಾಕಿಗಾಗಿ ಅವರು 2025ರ ಆಗಸ್ಟ್ 5ರಂದು ಮುಷ್ಕರಕ್ಕೆ ಇಳಿಯಬೇಕಾಯಿತು. ಶೇ 15ರ ಏರಿಕೆ ಜಾರಿಯಾಗಿ ಏಳು ತಿಂಗಳಾಗಿತ್ತು. ಪ್ರಯಾಣಿಕ ಹೆಚ್ಚು ಕೊಡುತ್ತಲೇ ಇದ್ದ, ನೌಕರರ ಬಾಕಿ ಹಾಗೇ ಉಳಿದಿತ್ತು. ಪ್ರಯಾಣಿಕನನ್ನೂ ಕಂಡಕ್ಟರನ್ನೂ ಎದುರುಬದುರು ನಿಲ್ಲಿಸಿ ಜಗಳ ಹಚ್ಚುವುದು ಸುಲಭ. ಇಬ್ಬರೂ ಒಂದೇ ಕಡೆಯವರು.

ಡೀಸೆಲ್ ವಿಷಯಕ್ಕೆ ಬರೋಣ. ಡೀಸೆಲ್ ದುಬಾರಿಯಾಗಿದ್ದು ನಿಜ. ಆದರೆ ಅದರ ಬೆಲೆಯಲ್ಲಿ ಒಂದು ಪಾಲು ರಾಜ್ಯದ್ದೇ ತೆರಿಗೆ. 2024ರ ಜೂನ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ 14.34ರಿಂದ 18.44ಕ್ಕೆ ಏರಿತು. ಬಸ್ ದರ ಏರಿದ ಮೂರು ತಿಂಗಳಿಗೆ, 2025ರ ಏಪ್ರಿಲ್ 1ರಿಂದ, ಅದು ಶೇ 21.17 ಆಯಿತು, ಲೀಟರಿಗೆ ಮತ್ತೆ 2 ರೂಪಾಯಿ. ಅಂದರೆ ಸರ್ಕಾರದ ಒಂದು ಇಲಾಖೆ ಇಂಧನದ ಬೆಲೆ ಏರಿಸುತ್ತದೆ, ಇನ್ನೊಂದು ಇಲಾಖೆ ಇಂಧನ ದುಬಾರಿಯಾಯಿತೆಂದು ಟಿಕೆಟ್ ದರ ಏರಿಸುತ್ತದೆ. ಕಾರಿನಲ್ಲಿ ಒಬ್ಬನೇ ಹೋಗುವವನ ಡೀಸೆಲ್ಲಿಗೂ ಐವತ್ತು ಅರವತ್ತು ಜನರನ್ನು ಹೊತ್ತೊಯ್ಯುವ ಬಸ್ಸಿನ ಡೀಸೆಲ್ಲಿಗೂ ಒಂದೇ ಅಳತೆಯ ತೆರಿಗೆ ಏಕೆ? ಈ ಪ್ರಶ್ನೆಗೆ ನನಗೆ ಸಮಾಧಾನದ ಉತ್ತರ ಎಲ್ಲಿಯೂ ಸಿಕ್ಕಿಲ್ಲ.

ನಿಗಮದ ಖರ್ಚೆಲ್ಲ ಟಿಕೆಟ್ಟಿನ ಮೇಲೆ ಬೀಳುವುದರ ಬೇರು ಕಾನೂನಿನಲ್ಲಿಯೇ ಇದೆ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾದಾಗ ಅದು ಒಂದು ಇಲಾಖೆ. 1961ರಲ್ಲಿ ಅದು ನಿಗಮವಾಯಿತು, 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ ಕೆಳಗೆ ಬಂತು. ಆ ಕಾಯ್ದೆಯ 18ನೇ ಕಲಮು ದಕ್ಷವಾದ, ಸಾಕಷ್ಟು ಪ್ರಮಾಣದ, ಮಿತವ್ಯಯದ ಸಾರಿಗೆಯನ್ನು ಒದಗಿಸುವುದು ನಿಗಮದ ಕರ್ತವ್ಯ ಎನ್ನುತ್ತದೆ. 22ನೇ ಕಲಮು ನಿಗಮ ವ್ಯಾಪಾರಿ ತತ್ವದಂತೆ ನಡೆಯಬೇಕು ಎನ್ನುತ್ತದೆ. ಜಗಳೂರಿನ ಮೂಲೆಯ ಹಳ್ಳಿಗೆ ಕೊನೆಯ ಬಸ್ಸು ಅರ್ಧ ಖಾಲಿ ಹೋಗುವುದು ಮೊದಲಿನದರ ಪ್ರಕಾರ ಕರ್ತವ್ಯ, ಎರಡನೆಯದರ ಪ್ರಕಾರ ನಷ್ಟ. ಅರವತ್ತಕ್ಕೂ ಹೆಚ್ಚು ವರ್ಷಗಳಿಂದ ನಾವು ಈ ಎರಡು ಕಲಮುಗಳ ನಡುವೆ ಸಿಕ್ಕಿಕೊಂಡಿದ್ದೇವೆ. ನನ್ನ ಅಭಿಪ್ರಾಯದಲ್ಲಿ ಕರ್ತವ್ಯದ ಖರ್ಚನ್ನು ಬೊಕ್ಕಸ ಕೊಡಬೇಕು. ಅದನ್ನು ಟಿಕೆಟ್ಟಿಗೆ ಸೇರಿಸುವುದು ತಪ್ಪು.

ಈಗ ನಮ್ಮ ಊರುಗಳಿಗೆ ಬರುತ್ತೇನೆ. ದಾವಣಗೆರೆಗೂ ಹರಿಹರಕ್ಕೂ ನಡುವೆ ಹದಿನಾಲ್ಕು ಕಿಲೋಮೀಟರ್ ಆಸುಪಾಸು. ನಡುವೆ ದೊಡ್ಡಬಾತಿ, ಹನಗವಾಡಿ. ನಗರಾಭಿವೃದ್ಧಿಗೆ ಎರಡೂ ಊರಿಗೆ ಒಂದೇ ಪ್ರಾಧಿಕಾರ; ದೂಡಾ ಎಂದು ನಾವು ಕರೆಯುವ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ. ನಕ್ಷೆಯಲ್ಲಿ ಒಂದೇ ಊರು, ಬಡಾವಣೆಗಳ ಲೆಕ್ಕದಲ್ಲಿ ಒಂದೇ ಊರು, ಬಸ್ ಚಾರ್ಜಿನ ಲೆಕ್ಕದಲ್ಲಿ ಮಾತ್ರ ಎರಡು.

ಈ ಓಡಾಟ ಹೇಗೆ ಬೆಳೆಯಿತು ಎಂಬುದನ್ನು ಹಿರಿಯರು ಬಲ್ಲರು. ದಾವಣಗೆರೆ ಹತ್ತಿ ಗಿರಣಿಗಳ ಊರಾಗಿದ್ದಾಗ ಕಾರ್ಮಿಕ ಗಿರಣಿಯ ಸುತ್ತಲೇ ಮನೆ ಮಾಡಿಕೊಂಡಿದ್ದ. ಸೈರನ್ ಕೇಳಿ ಎದ್ದು ನಡೆದುಕೊಂಡು ಹೋಗುತ್ತಿದ್ದ, ಇಲ್ಲವೇ ಸೈಕಲ್ ತುಳಿಯುತ್ತಿದ್ದ. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಒಂದು ಊರನ್ನೇ ಸಾಕಿತು. ಗಿರಣಿಗಳು ಒಂದೊಂದಾಗಿ ನಿಂತವು, ಕಿರ್ಲೋಸ್ಕರ್ ಬಾಗಿಲು ಹಾಕಿತು. ಹೊಳೆಯಾಚೆ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆ ಇದೆಯಾದರೂ ಎಲ್ಲರಿಗೂ ಅಲ್ಲಿ ಕೆಲಸವಿಲ್ಲ. ಕಾರ್ಖಾನೆಯ ಗೇಟಿಗೆ ಹೋಗುತ್ತಿದ್ದವರ ಮಕ್ಕಳು ಈಗ ದಾವಣಗೆರೆಯ ಬಟ್ಟೆ ಅಂಗಡಿಗೆ, ಆಸ್ಪತ್ರೆಯ ವಾರ್ಡಿಗೆ, ಗಾರೆ ಕೆಲಸಕ್ಕೆ, ಹೋಟೆಲಿನ ಅಡುಗೆಮನೆಗೆ ಬಸ್ ಹತ್ತುತ್ತಾರೆ. ಕೆಲಸ ಹತ್ತಿರವಿದ್ದಾಗ ಕೂಲಿ ಪೂರ್ತಿ ಮನೆಗೆ ಬರುತ್ತಿತ್ತು. ಕೆಲಸ ದೂರವಾದ ಮೇಲೆ ಅದರಲ್ಲಿ ಬಸ್ಸಿಗೆ ಒಂದು ಪಾಲು ಕೊಡಬೇಕಾಗಿದೆ.

ಆ ಪಾಲು ಎಷ್ಟೆಂದು ನೋಡೋಣ. ಲೆಕ್ಕ ಸುಲಭವಾಗಲಿ ಎಂದು ಒಂದು ಕಡೆಯ ಟಿಕೆಟ್ 20 ರೂಪಾಯಿ ಎಂದಿಟ್ಟುಕೊಳ್ಳಿ. ಶೇ 15 ಏರಿದರೆ 23. ಹೋಗಿಬರುವುದಕ್ಕೆ 46. 2025–26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. ಅದನ್ನೇ ಅಳತೆಗೋಲು ಮಾಡಿಕೊಂಡರೂ ಎಂಟರಲ್ಲೊಂದು ಪಾಲು ಬಸ್ಸಿಗೆ. ಮನೆಯಿಂದ ಇಬ್ಬರು ಗಂಡಸರು ದುಡಿಯಲು ಹೋಗುವವರಾದರೆ ತಿಂಗಳಿಗೆ ಎರಡು ಸಾವಿರದ ಮೇಲೆ. ‘ಮೂರು ರೂಪಾಯಿ ಏರಿದರೆ ಏನಾಯ್ತು’ ಎನ್ನುವವರು ಈ ಲೆಕ್ಕವನ್ನೊಮ್ಮೆ ಬರೆದು ನೋಡಬೇಕು.

ಹರಿಹರದ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಏಳರ ಹೊತ್ತಿಗೆ ನಿಂತು ನೋಡಿ. ಕೈಚೀಲದಲ್ಲಿ ಬುತ್ತಿ, ಅದರ ಬಾಯಿಂದ ಹೊರಗೆ ಇಣುಕುವ ಗಾರೆ ಕರಣೆ, ಮಟ್ಟಗೋಲು. ಅವರಲ್ಲೊಬ್ಬರು ನನಗೆ ಹೇಳಿದ ಮಾತನ್ನು ಇಲ್ಲಿ ಇಡುತ್ತೇನೆ. ‘ಸರ್, ಕೆಲ್ಸ ಸಿಕ್ರೆ ಚಾರ್ಜು ಭಾರ ಅನ್ಸಂಗಿಲ್ಲ. ದಾವಣಗೆರಿಗೆ ಹೋಗಿ ಹತ್ತು ಗಂಟಿತನ ನಿಂತು ಯಾರೂ ಕರೀಲಿಲ್ಲ ಅಂದ್ರ, ಹಂಗೇ ವಾಪಸ್ ಬರ್ಬೇಕು. ಅವತ್ತು ಹೋದ ರೊಕ್ಕ ಯಾರು ಕೊಡ್ತಾರ್ರಿ?’ ಅರ್ಥಶಾಸ್ತ್ರದ ಪುಸ್ತಕಗಳು ಪ್ರಯಾಣ ವೆಚ್ಚವನ್ನು ಆದಾಯದ ಶೇಕಡಾವಾರು ಎಂದು ಲೆಕ್ಕ ಹಾಕುತ್ತವೆ. ಆದಾಯವೇ ಇಲ್ಲದ ದಿನದ ಪ್ರಯಾಣ ಆ ಲೆಕ್ಕದಲ್ಲಿ ಎಲ್ಲಿ ಬರುತ್ತದೆ? ದರ ಏರಿದಾಗ ಇಂಥವರು ಮಾಡುವ ಮೊದಲ ಕೆಲಸವೆಂದರೆ ಕೆಲಸ ಖಚಿತವಿಲ್ಲದ ದಿನ ಹೊರಡದೆ ಇರುವುದು. ಹೊರಡದವನಿಗೆ ಕೆಲಸ ಸಿಗುವ ಸಂಭವ ಎಲ್ಲಿ?

ಶಕ್ತಿ ಯೋಜನೆಯ ಮಾತು ಇಲ್ಲಿ ಬರಲೇಬೇಕು. 2023ರ ಜೂನ್ 11ರಿಂದ ರಾಜ್ಯದೊಳಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಪ್ರಯಾಣ ಉಚಿತ. 2025ರ ಜುಲೈ 14ಕ್ಕೆ ಈ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. ಇದು ನಮ್ಮ ಕಾಲದ ದೊಡ್ಡ ಕೆಲಸಗಳಲ್ಲಿ ಒಂದು ಎಂದು ನಾನು ನಂಬಿದ್ದೇನೆ. ಮನೆಯಿಂದ ಹೊರಗೆ ಕಾಲಿಡಲು ಗಂಡನ ಹತ್ತಿರ, ಮಗನ ಹತ್ತಿರ ಕೈಚಾಚಬೇಕಿದ್ದ ಹೆಣ್ಣುಮಕ್ಕಳು ಅದನ್ನು ಬಿಟ್ಟಿದ್ದಾರೆ. ‘ಹೆಂಗಸರಿಗೆ ಪುಕ್ಕಟೆ ಕೊಟ್ಟು ಗಂಡಸರಿಂದ ಕಿತ್ತುಕೊಂಡರು’ ಎಂಬ ಮಾತನ್ನು ನಾನು ಪೂರ್ತಿಯಾಗಿ ತಿರಸ್ಕರಿಸುತ್ತೇನೆ. ಹೆಣ್ಣುಮಕ್ಕಳಿಗೆ ಕೊಡುವ ಶೂನ್ಯ ಟಿಕೆಟ್ಟಿನ ಹಣವನ್ನು ನಿಗಮಕ್ಕೆ ಕೊಡಬೇಕಾದವರು ಪಕ್ಕದ ಸೀಟಿನ ಗಂಡಸಲ್ಲ, ಸರ್ಕಾರ. ಆ ಹಣ ಹೊತ್ತಿಗೆ ಸರಿಯಾಗಿ ಪೂರ್ತಿ ಬರಬೇಕು, ಅಷ್ಟೇ.

ಆದರೆ ದಾವಣಗೆರೆಯ ನೆಲದಲ್ಲಿ ಒಂದು ತೊಡಕಿದೆ. ಚಿತ್ರದುರ್ಗ, ಶಿವಮೊಗ್ಗ, ದಾವಣಗೆರೆ ಸೀಮೆಯಲ್ಲಿ ಖಾಸಗಿ ಬಸ್ಸು ಇಂದಿಗೂ ಜೀವಂತ. ಹಳ್ಳಿಗಳನ್ನು ಪೇಟೆಗೆ ಜೋಡಿಸಿದವರಲ್ಲಿ ಖಾಸಗಿ ಬಸ್ಸಿನವರು ಮುಂಚಿನವರು. ಈಗಲೂ ಎಷ್ಟೋ ಊರಿಗೆ ಸಮಯಕ್ಕೆ ಸರಿಯಾಗಿ ಬರುವುದು ಅದೇ ಬಸ್ಸು. ಅಲ್ಲಿ ಶೂನ್ಯ ಟಿಕೆಟ್ ಇಲ್ಲ, ವಿದ್ಯಾರ್ಥಿ ಪಾಸ್ ಇಲ್ಲ, ಅರವತ್ತು ದಾಟಿದವರಿಗೆ ಕೆಎಸ್ಆರ್‌ಟಿಸಿ ಕೊಡುವ ಶೇ 25ರ ರಿಯಾಯಿತಿ ಇಲ್ಲ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೆಂಡತಿಯನ್ನು ಕರೆದುಕೊಂಡು ಬರುವ ಒಬ್ಬ ರೈತನನ್ನು ನೆನೆಯಿರಿ. ಬರುವಾಗ ಸರ್ಕಾರಿ ಬಸ್ಸು ಸಿಕ್ಕಿತು. ಆಕೆಗೆ ಶೂನ್ಯ ಟಿಕೆಟ್, ಈತನಿಗೆ ಪೂರ್ತಿ ಚಾರ್ಜು. ವೈದ್ಯರು ನೋಡುವ ಹೊತ್ತಿಗೆ ಮಧ್ಯಾಹ್ನವಾಯಿತು. ಊರಿನ ಕಡೆಗೆ ಆ ಹೊತ್ತಿನಲ್ಲಿ ಇರುವುದು ಖಾಸಗಿ ಬಸ್ಸೊಂದೇ, ಇಬ್ಬರಿಗೂ ಚಾರ್ಜು. ಆಸ್ಪತ್ರೆಯಲ್ಲಿ ಬಿಲ್ಲು ಇಲ್ಲದಿದ್ದರೂ ಆಸ್ಪತ್ರೆಗೆ ಹೋಗುವುದಕ್ಕೆ ಬಿಲ್ಲು ಇದೆ. ಮುಂದಿನ ವಾರ ಮತ್ತೆ ಬಂದು ತೋರಿಸಿ ಎಂದು ಚೀಟಿಯಲ್ಲಿ ಬರೆದಿರುತ್ತಾರೆ. ಬರುತ್ತಾರೋ ಇಲ್ಲವೋ ಎಂಬುದನ್ನು ಆ ಚೀಟಿ ನಿರ್ಧರಿಸುವುದಿಲ್ಲ, ಬಸ್ ಚಾರ್ಜು ನಿರ್ಧರಿಸುತ್ತದೆ.

ಖಾಸಗಿ ಬಸ್ ಮಾಲೀಕರ ಕಷ್ಟವೂ ಸುಳ್ಳಲ್ಲ. ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿಗೆ ಹೋದ ಮೇಲೆ ಅವರ ಸೀಟುಗಳು ಖಾಲಿಯಾದವು. ತೆರಿಗೆಯನ್ನು ಖಾಲಿ ಸೀಟಿಗೂ ಕಟ್ಟಬೇಕು. 2023ರ ಸೆಪ್ಟೆಂಬರ್ 11ರಂದು ಬೆಂಗಳೂರಿನಲ್ಲಿ ಖಾಸಗಿ ಸಾರಿಗೆಯವರು ಬಂದ್ ಮಾಡಿದಾಗ, ಶಕ್ತಿಯನ್ನು ಖಾಸಗಿ ಬಸ್ಸಿಗೂ ವಿಸ್ತರಿಸಿ ಎಂಬುದು ಅವರ ಬೇಡಿಕೆಗಳಲ್ಲಿ ಒಂದಾಗಿತ್ತು. ಅದನ್ನು ರಾಜ್ಯಾದ್ಯಂತ ಮಾಡುವುದು ಕಷ್ಟವಿರಬಹುದು. ಸರ್ಕಾರಿ ಬಸ್ಸೇ ಇಲ್ಲದ ಮಾರ್ಗಗಳಲ್ಲಿ ಮಾಡದಿರುವುದಕ್ಕೆ ಮಾತ್ರ ನನಗೆ ಕಾರಣ ಕಾಣುವುದಿಲ್ಲ.

ವಿದ್ಯಾರ್ಥಿಗಳ ವಿಷಯ. ದಾವಣಗೆರೆ ವಿದ್ಯಾಕೇಂದ್ರ ಎಂದು ಹೆಮ್ಮೆಪಡುತ್ತೇವೆ. 1965ರ ಜೆಜೆಎಂ ವೈದ್ಯಕೀಯ ಕಾಲೇಜಿನಿಂದ ಹಿಡಿದು 2009ರಲ್ಲಿ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ಆದ ವಿಶ್ವವಿದ್ಯಾಲಯದವರೆಗೆ ಎಷ್ಟೊಂದು ಸಂಸ್ಥೆಗಳು. ಪಿಯುಸಿ, ಪದವಿ ಓದುವ ಹುಡುಗನಿಗೆ ಕೆಎಸ್ಆರ್‌ಟಿಸಿ ಪಾಸು ಹತ್ತು ತಿಂಗಳಿಗೆ 1,050 ರೂಪಾಯಿಯ ಹಾಗೆ ಸಿಗುತ್ತ ಬಂದಿದೆ. ಇದು ನಿಜವಾದ ಉಪಕಾರ. ಶೇ 15ರ ಬಿಸಿ ಪಾಸು ಇದ್ದವನಿಗೆ ತಟ್ಟುವುದಿಲ್ಲ. ಆದರೆ ಪಾಸು ಇದ್ದೂ ಬಸ್ಸು ನಿಲ್ಲಿಸದಿದ್ದರೆ? ಎಂಟೂವರೆಯ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಹೋಗುವ ಹುಡುಗರನ್ನು ಪಿ.ಬಿ. ರಸ್ತೆಯಲ್ಲಿ ದಿನವೂ ನೋಡುತ್ತೇವೆ. ಆ ಬಸ್ಸು ತಪ್ಪಿದವನು ಮೊದಲ ತರಗತಿ ತಪ್ಪಿಸಿಕೊಳ್ಳದಿರಲು ಹಿಂದೆಯೇ ಬರುವ ಖಾಸಗಿ ಬಸ್ಸಿಗೆ ಹತ್ತಿ, ಪಾಸು ಜೇಬಿನಲ್ಲಿರುವಾಗಲೇ ದುಡ್ಡು ಕೊಡುತ್ತಾನೆ.

ರೈಲಿನ ಒಂದು ಪ್ರಸಂಗವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅದನ್ನು ಯಾರೂ ದರ ಏರಿಕೆ ಎಂದು ಕರೆಯಲೇ ಇಲ್ಲ. ಪ್ಯಾಸೆಂಜರ್ ರೈಲಿನಲ್ಲಿ ಕನಿಷ್ಠ ದರ 10 ರೂಪಾಯಿ. ದಾವಣಗೆರೆ–ಹರಿಹರದಂಥ ಹತ್ತಿರದ ಪ್ರಯಾಣಕ್ಕೆ ಅದೇ ಸಾಕಾಗುತ್ತಿತ್ತು. ಕೊರೊನಾ ಕಾಲದಲ್ಲಿ ರೈಲುಗಳು ನಿಂತು ಮತ್ತೆ ಶುರುವಾದಾಗ ಪ್ಯಾಸೆಂಜರ್ ರೈಲುಗಳನ್ನು ವಿಶೇಷ ರೈಲು, ಎಕ್ಸ್‌ಪ್ರೆಸ್ ಎಂದು ಓಡಿಸಿದರು. ಕನಿಷ್ಠ ದರ 30 ಆಯಿತು. ಅದೇ ಬೋಗಿ, ಅದೇ ವೇಗ, ಎಲ್ಲ ನಿಲ್ದಾಣದಲ್ಲೂ ಅದೇ ನಿಲುಗಡೆ, ದರ ಮಾತ್ರ ಮೂರು ಪಟ್ಟು. ಶೇ 15ಕ್ಕೆ ವಿಧಾನಸೌಧದಲ್ಲಿ ಗದ್ದಲವಾಗುತ್ತದೆ. ಶೇ 200 ಸದ್ದಿಲ್ಲದೆ ವರ್ಷಗಟ್ಟಲೆ ನಡೆಯಿತು. 2024ರ ಫೆಬ್ರವರಿಯಲ್ಲಿ ಹಳೆಯ ದರ ಮರಳಿತು. ಅಷ್ಟರೊಳಗೆ ರೈಲಿನ ಅಭ್ಯಾಸ ಬಿಟ್ಟವರು ಎಲ್ಲರೂ ಮರಳಲಿಲ್ಲ. 2025ರ ಜುಲೈ 1ರ ರೈಲು ದರ ಪರಿಷ್ಕರಣೆಯಲ್ಲಿ 500 ಕಿಲೋಮೀಟರ್ ಒಳಗಿನ ಸಾಮಾನ್ಯ ದರ್ಜೆಯನ್ನೂ ಮಾಸಿಕ ಪಾಸನ್ನೂ ಮುಟ್ಟದೆ ಬಿಟ್ಟರು. ಒಳ್ಳೆಯ ನಿರ್ಧಾರ. ದೂರ ಹೋಗುವವನಿಂದ ಪೈಸೆ ಲೆಕ್ಕದಲ್ಲಿ ಪಡೆದು, ದಿನದ ಪ್ರಯಾಣಿಕನನ್ನು ಕಾಪಾಡುವ ಈ ಬುದ್ಧಿಯನ್ನು ಬಸ್ ನಿಗಮಗಳು ಏಕೆ ತೋರಿಸಬಾರದು? ವರ್ಷಕ್ಕೆ ಎರಡು ಸಲ ಬೆಂಗಳೂರಿಗೆ ಹೋಗುವವನಿಗೂ ದಿನಾ ಹರಿಹರಕ್ಕೆ ಹೋಗುವವನಿಗೂ ಅದೇ ಶೇ 15 ಹಾಕಿದರು.

ಏರಿಕೆಯ ಇನ್ನೊಂದು ಪರಿಣಾಮ ನಿಧಾನದ್ದು. ಟಿಕೆಟ್ ದರ ಏರಿದ ಹಾಗೆಲ್ಲ, ಸಾಲ ಮಾಡಿ ಬೈಕು ಕೊಂಡು ಇಬ್ಬರು ಹೋದರೆ ಅಗ್ಗ ಎನ್ನುವ ಲೆಕ್ಕ ಹುಡುಗರ ತಲೆಯಲ್ಲಿ ಕೂರುತ್ತದೆ. ಲೆಕ್ಕ ತಪ್ಪೇನಲ್ಲ. ಆದರೆ ಪೂರ್ತಿ ಚಾರ್ಜು ಕೊಡುವವನು ಬಸ್ಸು ಬಿಟ್ಟರೆ ಆ ಮಾರ್ಗದ ಆದಾಯ ಇಳಿಯುತ್ತದೆ, ಆದಾಯ ಇಳಿದರೆ ಟ್ರಿಪ್ಪು ಕಡಿಮೆಯಾಗುತ್ತದೆ, ಟ್ರಿಪ್ಪು ಕಡಿಮೆಯಾದರೆ ಇನ್ನಷ್ಟು ಜನ ಬಿಡುತ್ತಾರೆ. ಕೊನೆಗೆ ನಿಲ್ದಾಣದಲ್ಲಿ ಉಳಿಯುವವರು ಬೈಕು ಓಡಿಸಲಾರದ ಮುದುಕರು, ಕೊಳ್ಳಲಾರದ ಕೂಲಿಗಳು, ಮಕ್ಕಳು. ಅವರು ಹೆಚ್ಚಿನ ಚಾರ್ಜನ್ನೂ ಕೊಡುತ್ತಾರೆ, ಹೆಚ್ಚು ಹೊತ್ತು ಕಾಯುತ್ತಲೂ ಇರುತ್ತಾರೆ. ಬೈಕಿಗೆ ಹೋದವರು ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದು ಸಾಗುತ್ತಾರೆ.

ಪ್ರಯಾಣ ದರಕ್ಕಾಗಿ ಜನ ಎದ್ದು ನಿಂತ ಇತಿಹಾಸ ಇದೆ. 1953ರಲ್ಲಿ ಕಲ್ಕತ್ತೆಯ ಟ್ರಾಮ್ ಕಂಪನಿ ಎರಡನೇ ದರ್ಜೆಗೆ ಒಂದು ಪೈಸೆ ಏರಿಸಿದ್ದಕ್ಕೆ ನಗರವೇ ಬೀದಿಗಿಳಿಯಿತು, ಏರಿಕೆ ನಿಲ್ಲಿಸಬೇಕಾಯಿತು. 2019ರಲ್ಲಿ ಚಿಲಿ ದೇಶದ ಸಾಂಟಿಯಾಗೊದಲ್ಲಿ ಮೆಟ್ರೊ ದರ 30 ಪೆಸೊ ಏರಿದಾಗ ಆದದ್ದೂ ಹಾಗೆಯೇ. ಬೆಂಗಳೂರಿನಲ್ಲಿ 2025ರ ಫೆಬ್ರವರಿ 9ರಿಂದ ಮೆಟ್ರೊ ಗರಿಷ್ಠ ದರ 90 ರೂಪಾಯಿಯಾದಾಗ ಕೂಗೆದ್ದು, ಕೆಲವೇ ದಿನಗಳಲ್ಲಿ ವಿಪರೀತ ಏರಿದ ಕಡೆಗಳಲ್ಲಿ ಒಂದಿಷ್ಟು ಇಳಿಸಿದರು. ನಾನು ಬೆಂಕಿ ಹಚ್ಚುವುದನ್ನು ಬೆಂಬಲಿಸುವವನಲ್ಲ. ಕೇಳಿಸಿಕೊಳ್ಳುವ ಜಾಗ ಮೊದಲೇ ಇದ್ದಿದ್ದರೆ ಬೀದಿಗೆ ಬರುವ ಅಗತ್ಯ ಇರುತ್ತಿರಲಿಲ್ಲ ಎಂಬುದು ನನ್ನ ಮಾತು.

ವಿದ್ಯುತ್ ದರ ಏರಿಸುವ ಮೊದಲು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ಬಹಿರಂಗ ವಿಚಾರಣೆ ನಡೆಸುತ್ತದೆ. ರೈತ ಸಂಘದವರು, ಸಣ್ಣ ಕೈಗಾರಿಕೆಯವರು ಹೋಗಿ ವಾದಿಸುತ್ತಾರೆ. 2025ರಲ್ಲಿ ಬಸ್ ದರ ಮಾತ್ರ ಸಂಪುಟದಲ್ಲಿ ತೀರ್ಮಾನವಾಗಿ ಮೂರನೇ ದಿನ ಕಂಡಕ್ಟರನ ಯಂತ್ರದಲ್ಲಿ ಕೂತಿತ್ತು. ಮೋಟಾರು ವಾಹನ ಕಾಯ್ದೆಯ 67ನೇ ಕಲಮು ದರ ನಿಗದಿಯ ಬಗ್ಗೆ ನಿರ್ದೇಶನ ಕೊಡುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ, ಖಾಸಗಿ ಬಸ್ಸಿಗೂ ಸೇರಿಸಿ. ಅಧಿಕಾರ ಇದ್ದಲ್ಲಿ ಕೇಳಿಸಿಕೊಳ್ಳುವ ಹೊಣೆಯೂ ಇರಬೇಕು. ದರ ಪರಿಶೀಲಿಸುವ ಸಮಿತಿ ಯಾವ ಹೆಸರಿನದೇ ಇರಲಿ, ಅದು ಬೆಂಗಳೂರಿನಲ್ಲಿ ಕೂತು ಮುಗಿಸಬಾರದು. ದಾವಣಗೆರೆಗೆ ಬಂದು ಒಂದು ದಿನ, ಹರಿಹರದಲ್ಲಿ ಒಂದು ದಿನ ಕೂರಲಿ.

ಇಲ್ಲಿಯೇ ಮಾಡಬಹುದಾದ ಕೆಲಸವೂ ಇದೆ. ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಎರಡೂ ಊರುಗಳನ್ನು ಒಂದೇ ನಗರವೆಂದು ದರದ ಹಂತ ನಿಗದಿ ಮಾಡಿ, ಸರ್ಕಾರಿ–ಖಾಸಗಿ ಎರಡರಲ್ಲೂ ನಡೆಯುವ ಒಂದು ತಿಂಗಳ ಪಾಸನ್ನು ತರಲು ಜಿಲ್ಲಾಡಳಿತ, ನಿಗಮದ ವಿಭಾಗ, ಬಸ್ ಮಾಲೀಕರ ಸಂಘ ಒಂದೆಡೆ ಕೂತರೆ ಸಾಕು. ಹಣ ಹಂಚಿಕೊಳ್ಳುವುದು ಹೇಗೆ ಎಂದು ಮೊದಲು ಕೇಳುತ್ತಾರೆ. 2024ರ ಕೊನೆಯಿಂದ ಕೆಎಸ್ಆರ್‌ಟಿಸಿ ಕಂಡಕ್ಟರುಗಳ ಕೈಗೆ ಯುಪಿಐ ಹಣ ಪಡೆಯುವ ಹೊಸ ಯಂತ್ರ ಬಂದಿದೆ. ಯಾರು ಯಾವ ಬಸ್ಸಿನಲ್ಲಿ ಎಷ್ಟು ದೂರ ಹೋದರು ಎಂಬ ಲೆಕ್ಕ ಇಡುವುದು ಇವತ್ತು ಕಷ್ಟದ ಕೆಲಸವೇ ಅಲ್ಲ. 2016ರಲ್ಲಿ ಮೊದಲ ಪಟ್ಟಿಯಲ್ಲೇ ಸ್ಮಾರ್ಟ್ ಸಿಟಿ ಎಂದು ಆಯ್ಕೆಯಾದ ಊರಿಗೆ ಇಷ್ಟು ಸಾಧ್ಯವಾಗಬೇಕು.

ಸಭೆಯಲ್ಲಿರುವ ವಕೀಲರಲ್ಲಿ, ಅಧ್ಯಾಪಕರಲ್ಲಿ, ಕಾರ್ಮಿಕ ಸಂಘಗಳ ಗೆಳೆಯರಲ್ಲಿ ಒಂದು ಕೋರಿಕೆ. ದರ ಏರಿದ ಮೇಲೆ ಒಂದು ದಿನ ಪ್ರತಿಭಟನೆ ಮಾಡಿ ಮನವಿ ಕೊಟ್ಟು ಬರುವುದನ್ನು ನಾವು ಬಹಳ ಮಾಡಿದ್ದೇವೆ. ಈ ಸಲ ಏರುವ ಮೊದಲೇ ಹೋಗೋಣ. ಹರಿಹರದ ಗಾರೆ ಕೆಲಸದವರು, ದೊಡ್ಡಬಾತಿಯ ವಿದ್ಯಾರ್ಥಿಗಳು, ಆಸ್ಪತ್ರೆಗೆ ಬರುವ ಹಳ್ಳಿಯವರು ದಿನಕ್ಕೆ ಎಷ್ಟು ಕೊಡುತ್ತಾರೆ, ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನು ನಾವೇ ಕೇಳಿ ಬರೆದುಕೊಂಡು, ಅವರನ್ನೂ ಜೊತೆಗೆ ಕರೆದುಕೊಂಡು, ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಮುಂದಿನ ಸಭೆಯಲ್ಲಿ ಇಡೋಣ. ಬರೆದುಕೊಳ್ಳುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ. ಜೊತೆಗೆ ಬರುವವರು ಈ ಸಭೆ ಮುಗಿದ ಮೇಲೆ ದಯವಿಟ್ಟು ನಿಮ್ಮ ಹೆಸರನ್ನು ಕೊಟ್ಟು ಹೋಗಿ.